ಒಂದು ಚಮಚ ಕೊಬ್ಬರಿ ಎಣ್ಣೆ

ಎಚ್ಚರವಾದ ಮೇಲೂ ಸುಮನ ಎಡಗೈಯನ್ನು ಚಾದರದೊಳಗಿಂದ ಹೊರಗೆ ತೆಗೆಯಲಿಲ್ಲ. ನೋಡಿಬಿಟ್ಟರೆ ಮುಗಿದುಹೋಗುತ್ತದೆ. ನೋಡುವವರೆಗೆ ಮೊಣಕೈಯ ಒಳಬದಿಯಲ್ಲಿ ಬಾವು ಇರಬಹುದು, ಕೆಂಪಾಗಿರಬಹುದು, ಮದುಮಗಳು ನಂದಕ್ಕನ ಕೆನ್ನೆಯ ಮೇಲೆ ಎದ್ದಂಥ ಸಣ್ಣ ನೀರುಗುಳ್ಳೆಗಳು ಇಲ್ಲಿಯೂ ಎದ್ದಿರಬಹುದು. ಎದ್ದಿರಲಿ ದೇವರೇ ಎಂದು ಬೇಡಿಕೊಂಡಳು. ತನ್ನ ಮೈಮೇಲೆ ಗುಳ್ಳೆ ಬರಲಿ ಎಂದು ಬೇಡಿಕೊಳ್ಳುವವಳು ಈ ಮೂಡಲಗಿಯಲ್ಲಿ ತಾನೊಬ್ಬಳೇ ಇರಬೇಕು ಅನ್ನಿಸಿತು. ಗುಳ್ಳೆ ಎದ್ದಿದ್ದರೆ ಕೆಂಪವ್ವತ್ತಿ ಮದುವೆ ಮುಗಿಯುವವರೆಗೂ ಈ ಮನೆಯಲ್ಲೇ ಇರುತ್ತಾಳೆ. ಎದ್ದಿಲ್ಲವಾದರೆ ಇವತ್ತೇ ಬಸ್ಸು ಹತ್ತಿ ಗಂಡನ ಊರು ದಡ್ಡಿಗೆ ಹೋಗುತ್ತಾಳೆ, ತಾನು ಎತ್ತಿ ಬೆಳೆಸಿದ ಹುಡುಗಿಯ ತಲೆಯ ಮೇಲೆ ಅಕ್ಕಿಕಾಳು ಬೀಳುವುದನ್ನು ನೋಡದೆ. ಚಾದರದೊಳಗೆ ನಿನ್ನೆ ಸಂಜೆ ತಿಕ್ಕಿಕೊಂಡ ಎಣ್ಣೆಯ ವಾಸನೆ ಇನ್ನೂ ಇತ್ತು. ಇಡೀ ರಾತ್ರಿ ಮಲಗಿದರೂ ಹೋಗಿರಲಿಲ್ಲ. ತಂಪಾದ, ಮೆತ್ತನೆಯ, ಯಾರಿಗೂ ಕೆಟ್ಟದ್ದು ಮಾಡಲು ಬಾರದಂಥ ವಾಸನೆ.

ಹಿತ್ತಲ ಬಾಗಿಲು ತೆರೆದಿತ್ತು. ಅಲ್ಲಿ ಬೋರಲು ಹಾಕಿದ ಬುಟ್ಟಿಯ ಮೇಲೆ ಕೆಂಪವ್ವತ್ತಿ ಕುಳಿತಿದ್ದಳು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ನಿನ್ನೆ ಮಧ್ಯಾಹ್ನದಿಂದ ಆ ಕೈಗಳು ಹೊರಗೆ ಬಂದಿಲ್ಲ. ಚಹಾದ ಕಪ್ಪನ್ನೂ ಸೆರಗಿನಿಂದಲೇ ಹಿಡಿದು ಕುಡಿದಳು, ಬಿಸಿ ಪಾತ್ರೆ ಇಳಿಸುವವರ ಹಾಗೆ. ಅಪ್ಪನಿಗೂ ಶಿದ್ಲಿಂಗಪ್ಪ ಕಾಕಾನಿಗೂ ಅಕ್ಕನಾದ ಆಕೆ ಗಂಡ ಸತ್ತ ಮೇಲೆ ದಡ್ಡಿಯಿಂದ ಒಂದು ಟ್ರಂಕು ತೆಗೆದುಕೊಂಡು ಕಾಕಾನ ಈ ಮನೆಗೆ ಬಂದವಳು. ಕಾಕಾನ ಹೆಂಡತಿ ಸುಂದ್ರವ್ವ ಕಾಕು ಹೊಲಕ್ಕೆ ಹೋದಾಗೆಲ್ಲ ಆಕೆಯ ಮಗಳು ನಂದಿನಿಯನ್ನು, ಸುಮನಳ ನಂದಕ್ಕನನ್ನು, ಸೊಂಟದ ಮೇಲೆ ಹೊತ್ತು ತಿರುಗಿದವಳು. ಸುಮನ ಕೊಣ್ಣೂರಿನಿಂದ ರಜೆಗೆ ಬಂದರೆ ಇಬ್ಬರನ್ನೂ ಮುಂದೆ ಕೂರಿಸಿಕೊಂಡು ತಲೆ ಹಿಕ್ಕುತ್ತಿದ್ದಳು. ಬೆರಳು ಬಿರುಸು, ಆದರೆ ಸಿಕ್ಕು ಬಿಡಿಸುವಾಗ ಮಾತ್ರ ನೋವಾಗುತ್ತಿರಲಿಲ್ಲ. ಕೂದಲಿನ ಬುಡವನ್ನು ಒಂದು ಕೈಯಲ್ಲಿ ಹಿಡಿದು ತುದಿಯಿಂದ ಬಿಡಿಸಬೇಕು ಎಂದು, ತಾನು ಕೆಲಸ ಕಲಿಯುವ ಗೋಕಾಕದ ಬ್ಯೂಟಿ ಪಾರ್ಲರಿನಲ್ಲಿ ಅದರ ಒಡತಿ ದ್ರಾಕ್ಷಾಯಿಣಿ ಅಕ್ಕ ಹೇಳಿಕೊಟ್ಟಾಗ ಸುಮನಳಿಗೆ ಅದು ಮೊದಲೇ ಗೊತ್ತಿತ್ತು. ಯಾರ ಕೈಯಿಂದ ಗೊತ್ತಾಗಿದ್ದು ಎಂದು ಹೇಳಿರಲಿಲ್ಲ. ಹೇಳಬೇಕಾದದ್ದನ್ನು ಹೇಳದೇ ಇರುವುದು ಅವಳಿಗೆ ಸಾಲಿ ಬಿಡುವ ಮೊದಲಿನಿಂದಲೂ ರೂಢಿಯಾಗಿತ್ತು. ಒಂಬತ್ತನೆಯ ಇಯತ್ತೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದಾಗ ಉತ್ತರ ಬಾಯಿಯೊಳಗೇ ಇರುತ್ತಿತ್ತು, ನಾಲಗೆಯ ಮೇಲೆ ಇಟ್ಟ ಸಕ್ಕರೆಯ ಹಾಗೆ, ಅಲ್ಲೇ ಕರಗಿಹೋಗುತ್ತಿತ್ತು.

ಆ ಎಣ್ಣೆ ಪಾರ್ಲರಿನ ಕಿಟಕಿಯ ಕಟ್ಟೆಯ ಮೇಲೆ ಇರುತ್ತಿತ್ತು. ಕಂದು ಬಾಟಲಿ, ಮೇಲೆ ನೇರಳೆ ಹೂವಿನ ಚಿತ್ರ. ಲ್ಯಾವೆಂಡರ್. ಆ ಹೂವನ್ನು ಗಿಡದ ಮೇಲೆ ನೋಡಿದವರು ಪಾರ್ಲರಿಗೆ ಬರುವ ಹೆಂಗಸರಲ್ಲಿ ಒಬ್ಬರೂ ಇರಲಿಲ್ಲ, ದ್ರಾಕ್ಷಾಯಿಣಿ ಅಕ್ಕನೂ ನೋಡಿರಲಿಲ್ಲ. ಆದರೂ ಬಾಟಲಿ ತೆರೆದರೆ ಎಲ್ಲರೂ ಕಣ್ಣು ಮುಚ್ಚುತ್ತಿದ್ದರು. ಒಂದು ಚಮಚ ಕೊಬ್ಬರಿ ಎಣ್ಣೆಗೆ ಒಂದೋ ಎರಡೋ ಹನಿ, ಅದಕ್ಕಿಂತ ಹೆಚ್ಚಲ್ಲ ಎಂದು ಅಕ್ಕ ಹೇಳಿಕೊಟ್ಟಿದ್ದಳು. "ಇದು ತಲೀಗೆ ಹಚ್ಚೂ ಎಣ್ಣಿಯಂಥಾದ್ದಲ್ಲವಾ. ಹೂವಿನ ಕಸುವೆಲ್ಲಾ ಹಿಂಡಿ ತಗದಿರ್ತಾರ. ಹಂಗಽ ಹಚ್ಚಿದ್ರ ತೊಗಲ ತಾಳೂದಿಲ್ಲ." ಹೊಸಬರು ಬಂದರೆ ಮೊದಲು ಮೊಣಕೈಯ ಒಳಗೆ ಒಂದಿಷ್ಟು ಸವರಿ, ನಾಳೆ ಬರ್ರಿ ಎಂದು ಕಳಿಸುತ್ತಿದ್ದಳು. ನಂದಿನಿ ಬಂದಾಗಲೂ ಹಾಗೇ ಮಾಡಿದ್ದರು. ಮದುವೆ ನಿಶ್ಚಯವಾದ ಮೇಲೆ ಅವಳ ಕೆನ್ನೆಯ ಮೇಲೆ ಮೊಡವೆ ಎದ್ದಿದ್ದವು, ನಿದ್ದೆಯೂ ಹಾರಿತ್ತು. ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಹಚ್ಚಿದ ಮೇಲೆ ಉರಿ ಇಳಿಯಿತು, ಮೊಡವೆ ಬಾಡಿದವು. ಅದರಿಂದಲೇ ಬಾಡಿದವೋ ತಾವೇ ಬಾಡಿದವೋ ಯಾರು ಕಂಡರು? ಆದರೆ ಖುರ್ಚಿಯ ಮೇಲೆ ಒರಗಿದ ನಂದಕ್ಕ ಅಲ್ಲಿಯೇ ನಿದ್ದೆ ಹೋಗಿದ್ದಳು. ಬಾಯಿ ತುಸು ತೆರೆದಿತ್ತು. ಹುಕ್ಕೇರಿಯ ವರನ ಮನೆಯವರು ಏನೆನ್ನುತ್ತಾರೋ ಎಂಬ ಹೆದರಿಕೆ ಆ ಮುಖದಿಂದ ಅಷ್ಟು ಹೊತ್ತು ಹೋಗಿತ್ತು. ಎದ್ದವಳು "ಸುಮ್ಮೀ, ನಿನ್ನ ಕೈಯಾಗ ಏನೋ ಐತಿ ನೋಡು" ಎಂದಿದ್ದಳು. ಆ ಮಾತನ್ನು ಸುಮನ ಬಸ್ಸಿನಲ್ಲಿ ಕೊಣ್ಣೂರಿನವರೆಗೂ ಹಿಡಿದುಕೊಂಡು ಹೋಗಿದ್ದಳು. ಅವಳ ಕೈಯಲ್ಲಿ ಏನೋ ಇದೆ ಎಂದು ಅದಕ್ಕೆ ಮೊದಲು ಯಾರೂ ಅಂದಿರಲಿಲ್ಲ.

ಅರಿಷಿಣಕ್ಕೆ ಬರುವಾಗ ಅದೇ ಎಣ್ಣಿ ತಗೊಂಡು ಬಾ ಎಂದು ನಂದಕ್ಕ ಫೋನು ಮಾಡಿದ್ದಳು. ಹೊಸ ಬಾಟಲಿ ಕೇಳಲು ಸುಮನಳಿಗೆ ಬಾಯಿ ಬರಲಿಲ್ಲ. ಕಿಟಕಿಯಲ್ಲಿದ್ದ ಹಳೆಯದನ್ನು ತಗೊಳ್ಳಲೇ ಎಂದಳು. ಬಿಸಿಲಿಗೆ ಅದರ ಮೇಲಿನ ಹೂವು ಬಿಳಿಚಿತ್ತು, ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಗಿರಾಕಿಯ ಹುಬ್ಬು ತೀಡುತ್ತಿದ್ದ ದ್ರಾಕ್ಷಾಯಿಣಿ ಅಕ್ಕ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಹೂಂ ಎಂದಳು. ಗಾಳಿ ಬಿಸಿಲಿಗೆ ಹಳತಾದ ಎಣ್ಣೆ ಚರ್ಮಕ್ಕೆ ಇನ್ನಷ್ಟು ಕೆಟ್ಟದ್ದು, ಚೆಲ್ಲಬೇಕು ಎಂದು ಹಿಂದೊಮ್ಮೆ ಆಕೆಯೇ ಹೇಳಿದ್ದು ಸುಮನಳಿಗೆ ಆಗ ನೆನಪಾಗಿರಲಿಲ್ಲ. ಅಥವಾ ಆಗಿತ್ತೇ? ಚಾದರದೊಳಗೆ ಮಲಗಿ ಈಗ ಎಷ್ಟು ಕೆದಕಿದರೂ ಆ ಕ್ಷಣ ಸಿಗುತ್ತಿಲ್ಲ. ಬಾಟಲಿ ತೆಗೆದುಕೊಂಡ ಕೈ ನೆನಪಿದೆ, ದಾರ ಕಚ್ಚಿದ ಹಲ್ಲು ನೆನಪಿದೆ, ನಡುವೆ ಏನೂ ಇಲ್ಲ.

ನೆನಪಿರುವುದು ಅಡುಗೆಮನೆಯ ಹೊಸ್ತಿಲು. ಅರಿಷಿಣದ ದಿನ ಬೆಳಿಗ್ಗೆ ಮನೆಯ ತುಂಬ ಹೆಂಗಸರು. ನಂದಿನಿ ಮಣೆಯ ಮೇಲೆ ಕುಳಿತಿದ್ದಳು, ಅರಿಷಿಣ ಹಚ್ಚುವ ಮೊದಲು ಮುಖಕ್ಕೆ ಎಣ್ಣೆ ಸವರಬೇಕು. ಎಣ್ಣೆ ಹಚ್ಚುವ ಪಾಳಿಯನ್ನು ನಂದಕ್ಕನೇ ಹಟ ಮಾಡಿ ಸುಮನಳಿಗೆ ಕೊಟ್ಟಿದ್ದಳು. ಸುಮನ ಒಂದು ಚಮಚ ಕೊಬ್ಬರಿ ಎಣ್ಣೆ ಕೇಳಲು ಎದ್ದಳು. ಬೀಗರ ಪೈಕಿ ಶಿವವ್ವ ಎಂಬುವಳು ಗೋಡೆಗೆ ಒರಗಿ ಕಾಲು ಚಾಚಿ ಕುಳಿತವಳು, "ಏ ಪಾರ್ಲರಿನಾಕಿ, ಎಲ್ಲಿಗೆ ಹೊಂಟಿ? ನಮಗೂ ಒಂದೀಟ ಹಚ್ಚಿ ಬೆಳ್ಳಗ ಮಾಡ. ನಮ್ಮ ಮನಿಯಾವರು ಗುರ್ತ ಹಿಡೀದಂಗ ಆಗಬೇಕ ನೋಡ ಮತ್ತ" ಎಂದಳು. ಎಲ್ಲರೂ ನಕ್ಕರು. "ಗುರ್ತ ಹಿಡೀಲಿಲ್ಲಂದ್ರ ಮನ್ಯಾಗ ಬಿಟ್ಟಗೊಳ್ಳೂದಿಲ್ಲ ತಂಗಿ" ಎಂದು ಇನ್ನೊಬ್ಬಳು. ಆ ನಗೆ ಬೆನ್ನಿಗೆ ಅಂಟಿಕೊಂಡಂತೆ ಸುಮನ ಅಡುಗೆಮನೆಯ ಹೊಸ್ತಿಲಿನಲ್ಲಿ ನಿಂತಳು. ಒಳಗೆ ಸುಂದ್ರವ್ವ ಕಾಕು ಹೋಳಿಗೆಯ ಹೂರಣ ರುಬ್ಬಿಸುತ್ತ, ಯಾರನ್ನೋ ಗದರುತ್ತ, ಬೆವರುತ್ತಿದ್ದಳು. "ಏನವಾ?" ಎಂದು ತಿರುಗಿದಳು. ಅಷ್ಟೇ. ಗದರಿರಲಿಲ್ಲ. ಕೊಬ್ಬರಿ ಎಣ್ಣೆಯ ಡಬ್ಬಿ ಆಕೆಯ ಹಿಂದಿನ ಗೋಡೆಯ ಮಾಡದಲ್ಲಿ ಕಾಣುತ್ತಿತ್ತು. ಇಷ್ಟು ಗದ್ದಲದಲ್ಲಿ ಇವಳದೊಂದು ಎನ್ನುತ್ತಾರೇನೋ, ಆ ಹೆಂಗಸರ ನಡುವಿನಿಂದ ಚಮಚ ಹಿಡಿದು ಮತ್ತೆ ಹೇಗೆ ಹೋಗುವುದು ಎಂದು ಸುಮನ ಹಿಂಜರಿದಳು. "ಏನಿಲ್ರಿ ಕಾಕು" ಎಂದಳು. ಹಿಂದಿರುಗಿ ಬಂದು, ಬಾಟಲಿಯನ್ನು ಅಂಗೈಗೆ ಬಗ್ಗಿಸಿ, ಎರಡೂ ಅಂಗೈ ತಿಕ್ಕಿ ನಂದಕ್ಕನ ಮುಖಕ್ಕೆ ಸವರಿದಳು. ಮನೆಯ ತುಂಬ ಘಮ್ಮೆಂದಿತು. ಶಿವವ್ವ ಕೂಡ ಕಾಲು ಮಡಿಚಿಕೊಂಡು, "ಅಯ್ಯ, ಏನ ವಾಸನಿ!" ಎಂದಳು. ನಂದಕ್ಕ ಕಣ್ಣು ಮುಚ್ಚಿ, "ತುಸು ಚುರುಚುರು ಅಂತೈತಿ ಸುಮ್ಮಿ" ಎಂದಳು. ಸುಮನ ಕೇಳಿಸಿಕೊಂಡಳು. ಕೇಳಿಸಿಕೊಂಡು ಬಾಟಲಿಯ ಮುಚ್ಚಳ ಹಾಕಿದಳು.

ಆಮೇಲೆ ಮುತ್ತೈದೆಯರು ಅರಿಷಿಣ ಹಚ್ಚಿದರು, ಹಾಡು ಹಾಡಿದರು. ಕೆಂಪವ್ವತ್ತಿ ಪಡಸಾಲೆಯ ಕಂಬದ ಹಿಂದೆ ನಿಂತು ನೋಡುತ್ತಿದ್ದಳು. ಗಂಡ ಇಲ್ಲದವರು ನಿಲ್ಲುವ ಜಾಗ ಅದು, ಯಾರೂ ಹೇಳಬೇಕಾಗಿರಲಿಲ್ಲ. ನಂದಿನಿ ಕಣ್ಣು ತೆರೆದು ಅವಳನ್ನು ಕಂಡಳು. "ಅತ್ತೀ, ಬಾ ಇಲ್ಲೆ." ಕೆಂಪವ್ವತ್ತಿ ತಲೆ ಅಲ್ಲಾಡಿಸಿದಳು. ನಂದಿನಿ ಮಣೆಯಿಂದ ಅರ್ಧ ಎದ್ದು ಅವಳ ಕೈ ಎಳೆದು, ಅರಿಷಿಣದ ಬಟ್ಟಲಲ್ಲಿ ಅದ್ದಿ, ತನ್ನ ಎರಡೂ ಕೆನ್ನೆಗೆ ಒತ್ತಿಕೊಂಡಳು. "ಎಲ್ಲಾರೂ ಹಚ್ಚತಾರ, ನೀ ಯಾಕ ಹಚ್ಚೂದಿಲ್ಲ?" ಹಾಡು ನಿಂತಿತು. ಯಾರೋ ಕೆಮ್ಮಿದರು. ಕೆಂಪವ್ವತ್ತಿಯ ಮುಖದಲ್ಲಿ ಹೆದರಿಕೆಯೂ ಇತ್ತು, ಅದರ ಕೆಳಗೆ ಸುಮನ ಎಂದೂ ಕಾಣದ ಒಂದು ಹಿಗ್ಗೂ ಇತ್ತು. ಕೈ ಹಿಂದೆಗೆದುಕೊಂಡ ಮೇಲೂ ಆಕೆ ಆ ಅರಿಷಿಣವನ್ನು ತೊಳೆಯದೆ ಹಾಗೇ ಒಣಗಲು ಬಿಟ್ಟಳು.

ಮರುದಿನ ಬೆಳಿಗ್ಗೆ ನಂದಿನಿಯ ಕಣ್ಣು ತೆರೆಯಲಿಲ್ಲ. ಮುಖ ಊದಿ, ಕೆನ್ನೆ ಕೆಂಪಾಗಿ, ಗುಳ್ಳೆ ಎದ್ದು ಜಿನುಗುತ್ತಿದ್ದವು. ದವಾಖಾನೆಗೆ ಹೋದಾಗ ಸುಮನಳೂ ಹೋಗಿದ್ದಳು, ನಂದಕ್ಕನ ಕೈ ಹಿಡಿದು ನಡೆಸಲು. ಡಾಕ್ಟರು ಟಾರ್ಚು ಹಿಡಿದು ನೋಡಿ, "ಮುಖಕ್ಕ ಏನ ಹಚ್ಚಿದ್ರಿ?" ಎಂದರು. "ಅರಿಷಿಣರಿ" ಎಂದಳು ಸುಂದ್ರವ್ವ ಕಾಕು. "ಅಂಗಡೀದೇನು? ಅದರಾಗ ಏನೇನರ ಬೆರಸಿರ್ತಾರ." ಕಾಕುವಿಗೆ ಸಿಟ್ಟೇ ಬಂತು. "ನಮ್ಮ ಹೊಲದ್ದರಿ ಸಾಹೇಬ್ರ. ನಾವಽ ಕುದಿಸಿ, ಒಣಗಿಸಿ, ಮನ್ಯಾಗಽ ಕುಟ್ಟಿದ್ದು. ಒಂದ ಕಾಳ ಬ್ಯಾರೆ ಇಲ್ಲ." "ಮತ್ತೇನರ ಹಚ್ಚಿದ್ರ್ಯಾ?" ಎಂದು ಡಾಕ್ಟರು ಎಲ್ಲರ ಮುಖ ನೋಡಿದರು. ಆ ನೋಟ ಸುಮನಳ ಮೇಲೂ ಬಂದು ಒಂದು ಗಳಿಗೆ ನಿಂತಿತು. ಉತ್ತರ ಬಾಯಿಯೊಳಗೆ ಇತ್ತು. ಒಂದೇ ಶಬ್ದ. ಅವಳು ಮೇಜಿನ ಮೇಲಿನ ಹತ್ತಿಯ ಡಬ್ಬಿಯನ್ನು ನೋಡುತ್ತ ನಿಂತಳು. ಡಾಕ್ಟರು ಬರೆಯತೊಡಗಿದರು. ಅಲರ್ಜಿ, ಗುಳಿಗೆ ಮುಲಾಮಿಗೆ ಇಳಿಯುತ್ತದೆ, ಮದುವೆಯ ಹೊತ್ತಿಗೆ ಪೂರ್ತಿ ಹೋಗುತ್ತದೆಂದು ಹೇಳಲಾರೆ, ಮುಖಕ್ಕೆ ಇನ್ನೇನೂ ಹಚ್ಚಬೇಡಿ ಎಂದರು.

ಹೊಲದ ಅರಿಷಿಣದಲ್ಲಿ ಏನೂ ಬೆರಕೆ ಇಲ್ಲದ ಮೇಲೆ ಬೆರಕೆ ಯಾವುದು ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಕೆಂಪವ್ವತ್ತಿ ಎರಡೂ ಕೆನ್ನೆ ಮುಟ್ಟಿದ್ದಳು, ಎರಡೂ ಕೆನ್ನೆ ಸುಟ್ಟಿದ್ದವು. ಮಧ್ಯಾಹ್ನ ಶಿವವ್ವ ಹುಕ್ಕೇರಿಗೆ ಫೋನು ಮಾಡುತ್ತ ಅಂಗಳದಲ್ಲಿ ದನಿ ತಗ್ಗಿಸಿದ್ದು ಮನೆಯ ಎಲ್ಲರಿಗೂ ಕೇಳಿಸಿತು. ಕಾಕು ಕೆಟ್ಟವಳಲ್ಲ, ಒಲೆಯ ಮುಂದೆ ಕುಕ್ಕರಿಸಿ ಅತ್ತಳು. "ನಾ ಏನ ಆಕೀನ್ನ ಹೊರಗ ಹಾಕಾಕತ್ತಿಲ್ಲ. ಮದವಿ ಆಗೂಮಟ ದಡ್ಡಿಗೆ ಹೋಗಿ ಇರ್ಲಿ. ಬೀಗರ ಕಣ್ಣಿಗೆ ಬೀಳದಿದ್ರ ಸಾಕು." ಶಿದ್ಲಿಂಗಪ್ಪ ಕಾಕಾ ಪೆಂಡಾಲಿನ ಕಂಬ ನೋಡುವ ನೆವದಲ್ಲಿ ಹೊರಗೆ ಹೋದರು. ಸುಮನ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ದ್ರಾಕ್ಷಾಯಿಣಿ ಅಕ್ಕನಿಗೆ ಫೋನು ಹಚ್ಚಿದಳು. ನಡೆದದ್ದನ್ನೆಲ್ಲ ಹೇಳಿದಳು. "ಹಳೇ ಬಾಟ್ಲಿ. ಅದೂ ಹಂಗಽ. ಎಷ್ಟ ಸರತಿ ಹೇಳೀನಿ ನಿನಗ?" ಆಮೇಲೆ ದನಿ ಬದಲಾಯಿತು. "ನೋಡವಾ ತಂಗಿ, ನೀ ಹೇಳ್ತಿದ್ರ ಹೇಳು, ನಾ ಬ್ಯಾಡ ಅನ್ನೂದಿಲ್ಲ. ನನ್ನ ಪಾರ್ಲರಿನ ಹೆಸರ ಮಾತ್ರ ತಗೀಬ್ಯಾಡ. ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ."

ಸಂಜೆ ಅವಳು ಹೇಳಿದಳು. ಇಡೀ ಆಯುಷ್ಯದಲ್ಲಿ ಅಷ್ಟು ಮಾತನ್ನು ಒಮ್ಮೆಗೇ ಆಡಿರಲಿಲ್ಲ. ಅಡುಗೆಮನೆಯ ಅದೇ ಹೊಸ್ತಿಲಿನಲ್ಲಿ ನಿಂತು, ಬಾಟಲಿ ಹಿಡಿದು, "ಕಾಕು, ಅತ್ತೀ ಕೈಯಿಂದ ಅಲ್ರಿ. ಈ ಎಣ್ಣಿಯಿಂದ. ಕೊಬ್ರಿ ಎಣ್ಣ್ಯಾಗ ಕಲಸಿ ಹಚ್ಚಬೇಕಾಗಿತ್ತರಿ, ನಾ ಹಂಗಽ ಹಚ್ಚೀನಿ" ಎಂದಳು. ಕಾಕು ಬಾಟಲಿ ತೆಗೆದುಕೊಂಡು ಮುಚ್ಚಳ ತೆರೆದು ಮೂಸಿದಳು. ಆಕೆಯ ದಣಿದ ಮುಖ ಒಂದು ಗಳಿಗೆ ಸಡಿಲಾಯಿತು, ಎಲ್ಲರದೂ ಸಡಿಲಾಗುವ ಹಾಗೆ. "ಇಷ್ಟ ಘಮ್ಮನ್ನೂದು ಮಾರಿ ಸುಡತೈತೇನ?" ಎಂದಳು. "ಸುಡತೈತ್ರಿ ಕಾಕು." "ಮದಲ ಹಚ್ಚಿದ್ದಿಲ್ಲೇನ? ಆವಾಗ ಏನೂ ಆಗಿದ್ದಿಲ್ಲಲ್ಲ." "ಆವಾಗ ಕಲಸಿದ್ನಿರಿ." ಕಾಕು ಅವಳ ಗದ್ದ ಹಿಡಿದೆತ್ತಿದಳು, ಆ ಮುಟ್ಟುವಿಕೆಯಲ್ಲಿ ಪ್ರೀತಿ ಇತ್ತು, ಅದೇ ಸುಮನಳನ್ನು ಮುರಿದುಬಿಟ್ಟಿತು. "ನನಗ ತಿಳೀತೈತಿ. ನಿಮ್ಮತ್ತೀನ್ನ ಉಳಿಸಾಕ ನೀ ನಿನ್ನ ಮ್ಯಾಲ ಹಾಕ್ಕೊಳ್ಳಾಕತ್ತಿ. ಇಷ್ಟ ಸಣ್ಣಾಕಿಗಿ ಇಷ್ಟ ದೊಡ್ಡ ಮನಸ!" ಒಳಕೋಣೆಯಲ್ಲಿ ಮಲಗಿದ ನಂದಕ್ಕನ ಬಳಿ ಹೋಗಿ ಹೇಳಿದರೆ ಅವಳು ಊದಿದ ರೆಪ್ಪೆಯ ಸಂದಿನಿಂದ ನೋಡಿ, "ತಪ್ಪ ನಂದಽ. ನಾನಽ ಆಕೀ ಕೈ ಎಳಕೊಂಡ್ನಿ. ಮಂದಿ ಬ್ಯಾಡಂದಿದ್ದನ್ನ ಯಾಕ ಮಾಡಬೇಕಿತ್ತು?" ಎಂದು ಅತ್ತಳು. ಕಣ್ಣೀರು ತಾಗಿ ಕೆನ್ನೆ ಉರಿದು ಹಲ್ಲು ಕಚ್ಚಿದಳು. ಎಲ್ಲರೂ ತಮ್ಮ ತಮ್ಮ ತಪ್ಪನ್ನು ಹಿಡಿದು ಕುಳಿತಿದ್ದರು. ಸುಮನಳ ತಪ್ಪಿಗೆ ಮಾತ್ರ ಜಾಗ ಇರಲಿಲ್ಲ. ಆಗ ಅವಳು ಮತ್ತೆ ಅಡುಗೆಮನೆಗೆ ಹೋಗಿ ಕಾಕುವಿನ ಎದುರೇ ಬಾಟಲಿ ಬಗ್ಗಿಸಿ ಎಡ ಮೊಣಕೈಯ ಒಳಬದಿಗೆ ಎಣ್ಣೆ ತಿಕ್ಕಿಕೊಂಡಳು, ಕೈ ತೊಯ್ಯುವಷ್ಟು. "ಮುಂಜಾನೆ ನೋಡ್ರಿ. ನನಗೂ ಏಳತಾವು. ಎದ್ರ ಅತ್ತೀನ್ನ ಕಳಸಬಾರದು." ಕಾಕು ಬಾಟಲಿಯ ಮುಚ್ಚಳ ಹಾಕಿ, "ಆತು, ಎದ್ರ ಕಳಸೂದಿಲ್ಲ" ಎಂದಳು.

ಹೊರಗೆ ಯಾರೋ ಬಾವಿಯ ಮೋಟಾರು ಹಾಕಿದರು. ಸುಮನ ಚಾದರ ಸರಿಸಿದಳು.

ಕೈ ಹಾಗೇ ಇತ್ತು. ಹಾಗೇ ಎಂದರೆ ನಿನ್ನೆಗಿಂತ ಚೆಂದ. ಮೊಣಕೈಯ ಮಡಿಕೆಯಲ್ಲಿ ಹಸಿರು ನರ ಕಾಣುವಷ್ಟು ನುಣುಪು, ಎಣ್ಣೆಯ ಹೊಳಪು. ಬೆಳಕಿಗೆ ತಿರುಗಿಸಿ ನೋಡಿದಳು, ಬೆರಳಿಂದ ಒತ್ತಿ ನೋಡಿದಳು. ತುರಿಕೆಯೂ ಇಲ್ಲ. ಒಬ್ಬರಿಗೆ ಏಳುತ್ತದೆ, ಇನ್ನೊಬ್ಬರಿಗೆ ಏಳುವುದಿಲ್ಲ, ಎಲ್ಲರ ಚರ್ಮ ಒಂದಲ್ಲ, ಅದಕ್ಕೇ ಪ್ರತಿಯೊಬ್ಬರಿಗೂ ಮೊದಲು ಸವರಿ ನೋಡುವುದು. ಇದೂ ಅಕ್ಕ ಹೇಳಿಕೊಟ್ಟಿದ್ದೇ. ನಾಳೆ ಏಳಬಹುದು, ನಾಡಿದ್ದೂ ಏಳಬಹುದು. ಆದರೆ ಬಸ್ಸು ಇವತ್ತು. ಬಚ್ಚಲಿಗೆ ಹೋಗಿ ಉಗುರಿನಿಂದ ಕೆರೆದುಕೊಂಡಳು. ಕೆಂಪು ಗೆರೆಗಳೆದ್ದವು. ಇನ್ನೂ ಜೋರಾಗಿ ಕೆರೆದಳು. ಗೆರೆಗಳು ಕೂಡಿ ಪಟ್ಟಿಯಾದವು, ಒಂದು ಕಡೆ ರಕ್ತ ಜಿನುಗಿತು. ಕೈ ಮುಂದೆ ಚಾಚಿಕೊಂಡೇ ಕಾಕುವಿನ ಬಳಿ ಹೋದಳು. ಕಾಕು ಆ ಕೈಯನ್ನು ಹಿಡಿದು ಬಾಗಿಲಿನ ಬೆಳಕಿಗೆ ತಂದಳು. ಕೆಂಪಿನ ಅಂಚಿನಲ್ಲಿದ್ದ ಉಗುರಿನ ಗುರುತುಗಳನ್ನು ನೋಡಿದಳು. ಸುಮನಳ ಬಲಗೈ ಹಿಡಿದು ಉಗುರನ್ನೂ ನೋಡಿದಳು. ಅಂಗಳದಿಂದ ಶಿವವ್ವ ಇಣುಕಿ, "ಏನಾತ ಪಾರ್ಲರಿನಾಕಿಗೆ?" ಎಂದಳು. "ಏನಿಲ್ಲ, ಸೊಳ್ಳಿ ಕಡದೈತಿ" ಎಂದು ಕಾಕು ಅವಳ ತೋಳಿನ ಬಟ್ಟೆಯನ್ನು ತಾನೇ ಕೆಳಗೆ ಎಳೆದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಗೋಕಾಕತನಕ ಹೋಗಿ ಅತ್ತೀನ್ನ ಬಸ್ಸಿಗೆ ಕುಂಡ್ರಿಸಿ ಬಾರವಾ" ಎಂದಳು.

ಬಸ್ಸಿನಲ್ಲಿ ಕೆಂಪವ್ವತ್ತಿ ಕಿಟಕಿಗೆ ಕುಳಿತಳು. ತೊಡೆಯ ಮೇಲೆ ಚೀಲ, ಅದರ ಮೇಲೆ ಸೆರಗು, ಸೆರಗಿನೊಳಗೆ ಕೈ. ಹೊರಡುವಾಗ ನಂದಿನಿ ಕೋಣೆಯಿಂದ ಹೊರಗೆ ಬಂದಿರಲಿಲ್ಲ; ಬರಗೊಟ್ಟಿರಲಿಲ್ಲ. ಕಬ್ಬಿನ ಗಾಡಿಗಳ ಹಿಂದೆ ಬಸ್ಸು ನಿಂತು ನಿಂತು ಹೋಗುತ್ತಿತ್ತು. ಕಂಡಕ್ಟರ್ ಬಂದಾಗ ಸುಮನಳೇ ಚೀಟಿ ತೆಗೆಸಿದಳು. ಒಂದು ಚೀಟಿಯನ್ನು ಕೆಂಪವ್ವತ್ತಿಯ ಕಡೆ ಚಾಚಿದರೆ ಆಕೆ, "ನಿನ್ನ ಹತ್ರಽ ಇರ್ಲಿ" ಎಂದಳು. ಘಟಪ್ರಭೆಯ ನೀರು ಕಂಡಾಗ ಸುಮನ ಮತ್ತೊಮ್ಮೆ ಹೇಳಿದಳು, ಈ ಸಲ ಮೊದಲಿನಿಂದ. ಬಾಟಲಿ, ಬಿಸಿಲು, ಶಿವವ್ವನ ಮಾತು, ಹೊಸ್ತಿಲು, ಮಾಡದಲ್ಲಿ ಕಂಡ ಕೊಬ್ಬರಿ ಎಣ್ಣೆಯ ಡಬ್ಬಿ. ಅತ್ತಿ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು. "ಒಂದ ಚಮಚಾ ಎಣ್ಣಿ ಬೇಡಾಕ ಅಷ್ಟ ನಾಚಿಗಿ ಬಂತೇನ ನಿನಗ?" ಎಂದಳು. ಸುಮನ ತಲೆಯಾಡಿಸಿದಳು. ಅತ್ತಿ ನಕ್ಕಳು. ಅರಿಷಿಣದ ದಿನದಿಂದೀಚೆಗೆ ಮೊದಲ ನಗೆ. "ನಮ್ಮ ಅವ್ವನೂ ಹಿಂಗಽ ಇದ್ಲು. ಹಸಿವ್ಯಾದ್ರೂ ನೀಡ್ರಿ ಅಂತಿರಲಿಲ್ಲ." ನಂಬಿದಳು ಅನ್ನಿಸಿ ಸುಮನಳ ಎದೆ ಹಗುರಾಗತೊಡಗಿತು. ಆದರೆ ಅತ್ತಿ ತುಸು ಹೊತ್ತಿನ ಮೇಲೆ, "ನೀ ಹೇಳೂದ ಖರೇನಽ ಇರಬೇಕು. ಆದ್ರ ನಂದಿ ಎಳದಾಗ ನಾ ಕೈ ಬಿಡಿಸ್ಕೋಬಹುದಿತ್ತಲ್ಲ. ಬಿಡಿಸ್ಕೊಳ್ಳಲಿಲ್ಲ. ನನಗ ಬೇಕಾಗಿತ್ತು" ಎಂದಳು.

ಗೋಕಾಕದ ನಿಲ್ದಾಣದಲ್ಲಿ ಸಂಕೇಶ್ವರದ ಬಸ್ಸು ನಿಂತಿತ್ತು. ಅಲ್ಲಿಂದ ದಡ್ಡಿಗೆ ಮತ್ತೊಂದು ಹಿಡಿಯಬೇಕು. ಸುಮನ ಚೀಲ ಎತ್ತಿ ಸೀಟಿನ ಮೇಲೆ ಇಟ್ಟಳು. ಇಳಿದು ಹೋಗಬೇಕಾದವಳು ಇಳಿಯದೆ ತೋಳಿನ ಬಟ್ಟೆ ಮೇಲೆತ್ತಿ ಮೊಣಕೈ ಚಾಚಿದಳು. ಬೆಳಗಿನ ಕೆರೆತದ ಗೆರೆಗಳು ಆಗಲೇ ಮಾಸತೊಡಗಿದ್ದವು. "ಅತ್ತೀ, ಒಂದ ಸರ್ತಿ ಹಿಡಕೊಂಡ ನೋಡ" ಎಂದಳು. ಏನು ನೋಡಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಕೆಂಪವ್ವತ್ತಿಯ ಸೆರಗಿನೊಳಗೆ ಏನೋ ಅಲುಗಿತು, ಬೆರಳುಗಳು ಹೊರಗೆ ಬರುವಂತೆ ಬಟ್ಟೆ ಉಬ್ಬಿತು. ಹಾಗೇ ತಣ್ಣಗಾಯಿತು. ಆಕೆ ಕೈ ತೆಗೆಯದೆಯೇ ಮುಂದಕ್ಕೆ ಬಾಗಿ, ಮಗುವಿನ ತಲೆ ಮೂಸುವವರ ಹಾಗೆ, ಆ ಮೊಣಕೈಯ ಮಡಿಕೆಗೆ ಮೂಗು ಹತ್ತಿರ ತಂದಳು. ಕಣ್ಣು ಮುಚ್ಚಿದಳು.

"ಭಾಳ ಚಲೋ ವಾಸನಿ ಐತಿ" ಎಂದಳು.